ಊಟದ ಜೊತೆ ಜಗಳಕ್ಕೆ ಬಿದ್ದ ಮಕ್ಕಳಿಗೆ ದೇಹದ ಮೂಲಕ ಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಫಿಸಿಯೋಥೆರಪಿಸ್ಟ್. ಈಟಿಂಗ್ ಡಿಸಾರ್ಡರ್, ಅಂದರೆ ಊಟಕ್ಕೆ ಸಂಬಂಧಿಸಿದ ಮನಸ್ಸಿನ ಕಾಯಿಲೆ, ಇರುವ ಹದಿಹರೆಯದ ಮಕ್ಕಳ ಜೊತೆ ಉಸಿರಾಟ, ಚಲನೆ, ಯೋಗದ ಮೂಲಕ ಕೆಲಸ ಮಾಡುತ್ತೇನೆ. ಅಪ್ಪ ಅಮ್ಮಂದಿರು, ಕೆಲವೊಮ್ಮೆ ಮಕ್ಕಳೇ, ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ತೂಕದ ಅಂಕಿ, ಕ್ಯಾಲೊರಿ ಲೆಕ್ಕ ಬೇಕೆಂದೇ ಹಾಕಿಲ್ಲ. ಕಾಯಿಲೆಯಲ್ಲಿರುವ ಮಗು ಓದಿದರೆ ಆ ಅಂಕಿಯನ್ನೇ ಗುರಿ ಮಾಡಿಕೊಂಡುಬಿಡಬಹುದು.

ದೇಹದ ಮೂಲಕ ಚಿಕಿತ್ಸೆ ಅಂದರೆ ಏನು? ಮಸಾಜಾ, ವ್ಯಾಯಾಮವಾ?

ಎರಡೂ ಅಲ್ಲ. ಕೌನ್ಸೆಲಿಂಗ್‌ನಲ್ಲಿ ಮಾತು, ಯೋಚನೆಗಳಿಂದ ಶುರು ಮಾಡುತ್ತಾರೆ. ನಾವು ಉಸಿರು, ನಿಲ್ಲುವ ರೀತಿ, ನಡಿಗೆ, ಭುಜದ ಬಿಗಿತ, ಹೊಟ್ಟೆಯೊಳಗೆ ಆಗುವ ಅನುಭವ, ಇವುಗಳಿಂದ ಶುರು ಮಾಡುತ್ತೇವೆ.

ಇದು ಬೇರೆ ಬೇರೆ ಕಡೆ ಬೇರೆ ಬೇರೆ ಹೆಸರಲ್ಲಿ ಬೆಳೆದಿದೆ. ಅಮೆರಿಕದ ನೃತ್ಯ ಕಲಾವಿದೆ ಮೇರಿಯನ್ ಚೇಸ್ 1940ರ ದಶಕದಲ್ಲಿ ವಾಷಿಂಗ್ಟನ್‌ನ ಸೇಂಟ್ ಎಲಿಜಬೆತ್ಸ್ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಕೆಲಸ ಶುರು ಮಾಡಿದರು. ಡ್ಯಾನ್ಸ್ ಮೂವ್‌ಮೆಂಟ್ ಥೆರಪಿ ಬೆಳೆದದ್ದು ಆ ದಾರಿಯಲ್ಲಿ. ಸ್ವೀಡನ್, ನಾರ್ವೆಯ ಫಿಸಿಯೋಥೆರಪಿಸ್ಟ್‌ಗಳು ಬಳಸುವ ಬೇಸಿಕ್ ಬಾಡಿ ಅವೇರ್‌ನೆಸ್ ಥೆರಪಿಯಲ್ಲಿ ನಿಲ್ಲುವುದು, ಕೂರುವುದು, ನಡೆಯುವುದು ಇಂಥ ಸರಳ ಚಲನೆಗಳೇ ಮುಖ್ಯ. ಬೆಲ್ಜಿಯಂನಲ್ಲಿ, ಚಲನೆಯ ಮೂಲಕ ಮನಸ್ಸನ್ನು ಮುಟ್ಟುವ ಸೈಕೋಮೋಟರ್ ಥೆರಪಿ ಈಟಿಂಗ್ ಡಿಸಾರ್ಡರ್ ಚಿಕಿತ್ಸೆಯ ಭಾಗವಾಗಿಯೇ ಬೆಳೆದಿದೆ. ನಮ್ಮಲ್ಲಿ ಸಹಜವಾಗಿ ಯೋಗ ಮುಂದೆ ಬರುತ್ತದೆ.

ಹೆಸರು ಯಾವುದೇ ಇರಲಿ, ಕೆಲಸ ಒಂದೇ. ದೇಹ ಹೇಳುವುದು ಮಗುವಿಗೆ ಮತ್ತೆ ಕೇಳಿಸಬೇಕು, ಕೇಳಿಸಿದ್ದನ್ನು ಮಗು ನಂಬಬೇಕು. ಸಣ್ಣಗಾಗುವುದಕ್ಕೂ ಫಿಟ್ ಆಗುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಇದು ಮನಸ್ಸಿನ ಕಾಯಿಲೆ ಅಲ್ವಾ? ದೇಹದ ಜೊತೆ ಯಾಕೆ ಕೆಲಸ ಮಾಡಬೇಕು?

ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಹೇಳುತ್ತೇನೆ. ಇದು ಅರ್ಥವಾದರೆ ಮನೆಯಲ್ಲಿ ನಡೆಯುವ ಅರ್ಧ ಜಗಳ ಕಡಿಮೆಯಾಗುತ್ತದೆ.

ಹಸಿವು, ಹೊಟ್ಟೆ ತುಂಬಿದ್ದು, ಎದೆ ಬಡಿತ, ಚಳಿ, ಸುಸ್ತು, ಇವೆಲ್ಲ ಒಳಗಿನಿಂದ ಬರುವ ಸುದ್ದಿ. ಮಿದುಳಿನಲ್ಲಿ ಇನ್ಸುಲಾ ಅನ್ನುವ ಭಾಗ ಈ ಸುದ್ದಿಯನ್ನು ಒಟ್ಟುಗೂಡಿಸುವುದರಲ್ಲಿ ದೊಡ್ಡ ಪಾತ್ರ ವಹಿಸುತ್ತದೆ. ಅನೋರೆಕ್ಸಿಯಾ, ಅಂದರೆ ಊಟ ಬಿಟ್ಟು ಸೊರಗುವ ಕಾಯಿಲೆ, ಇರುವ ಅನೇಕರಲ್ಲಿ ಈ ಸುದ್ದಿ ಸರಿಯಾಗಿ ತಲುಪುವುದಿಲ್ಲ, ಅಥವಾ ತಲುಪಿದ್ದು ಭಯವಾಗಿ ಬದಲಾಗುತ್ತದೆ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಮನೋವೈದ್ಯೆ ಹಿಲ್ಡೆ ಬ್ರೂಕ್ 1962ರಲ್ಲೇ ಇದನ್ನು ಗುರುತಿಸಿದ್ದರು. ಈ ಮಕ್ಕಳಿಗೆ ತಮ್ಮ ದೇಹದ ಆಕಾರ ತಪ್ಪಾಗಿ ಕಾಣುತ್ತದೆ, ಜೊತೆಗೆ ಹಸಿವಿನಂಥ ಒಳಗಿನ ಸೂಚನೆಗಳೂ ತಪ್ಪಾಗಿ ತಿಳಿಯುತ್ತವೆ ಅಂತ ಅವರು ಬರೆದರು. ರೈಲ್ವೆ ಹಳಿಯ ಪಕ್ಕ ವರ್ಷಗಟ್ಟಲೆ ಇರುವವರಿಗೆ ರೈಲಿನ ಸದ್ದು ಕೇಳಿಸುವುದೇ ಇಲ್ಲವಲ್ಲ, ಹಸಿವನ್ನು ತಿಂಗಳುಗಟ್ಟಲೆ ತಳ್ಳಿಹಾಕಿದ ಮಗುವಿನ ಸ್ಥಿತಿ ಹಾಗೆ. "ಹಸಿವಿಲ್ಲಮ್ಮ" ಅಂದಾಗ ಆ ಮಗು ಯಾವಾಗಲೂ ಸುಳ್ಳು ಹೇಳುತ್ತಿರುವುದಿಲ್ಲ.

ಇನ್ನೊಂದು ಪ್ರಯೋಗ ನನಗೆ ಬಹಳ ಮುಖ್ಯ ಅನಿಸುತ್ತದೆ. ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 2013ರಲ್ಲಿ ಇದರ ಬಗ್ಗೆ ಬರೆದರು. ಅನೋರೆಕ್ಸಿಯಾ ಇರುವವರನ್ನೂ ಇಲ್ಲದವರನ್ನೂ ಬೇರೆ ಬೇರೆ ಅಗಲದ ಬಾಗಿಲಿನಂಥ ಜಾಗದ ಮೂಲಕ ನಡೆಸಿದರು. ನಿಜವಾದ ಉದ್ದೇಶ ಏನು ಅಂತ ಅವರಿಗೆ ಹೇಳಿರಲಿಲ್ಲ. ಕಾಯಿಲೆ ಇಲ್ಲದವರು ಬಾಗಿಲು ತಮ್ಮ ಭುಜಕ್ಕಿಂತ ಸುಮಾರು 25% ಅಗಲ ಇರುವವರೆಗೂ ನೇರವಾಗಿ ದಾಟಿದರು, ಅದಕ್ಕಿಂತ ಕಿರಿದಾದಾಗ ಮಾತ್ರ ಭುಜ ತಿರುಗಿಸಿದರು. ಅನೋರೆಕ್ಸಿಯಾ ಇದ್ದವರು ಬಾಗಿಲು 40% ಅಗಲ ಇರುವಾಗಲೇ ಭುಜ ತಿರುಗಿಸಿ ಪಕ್ಕಕ್ಕಾಗಿ ದಾಟಿದರು. ಅಂದರೆ "ನಾನು ದಪ್ಪ" ಅನ್ನುವುದು ಅವರ ಬಾಯಿಮಾತಷ್ಟೇ ಆಗಿರಲಿಲ್ಲ. ಅವರ ನಡಿಗೆಯೂ ಅದನ್ನೇ ನಂಬಿತ್ತು. "ನೀನು ಕಡ್ಡಿ ಥರ ಇದ್ದೀಯ, ಕನ್ನಡಿ ನೋಡ್ಕೋ" ಅಂತ ನೂರು ಸಲ ಹೇಳಿದರೂ ಯಾಕೆ ನಾಟುವುದಿಲ್ಲ ಅಂತ ಈಗ ಗೊತ್ತಾಯಿತಲ್ಲ. ನಡಿಗೆಯಲ್ಲಿ ಕೂತಿರುವ ನಂಬಿಕೆಯನ್ನು ಚಲನೆಯ ಮೂಲಕವೂ ಮುಟ್ಟಬೇಕಾಗುತ್ತದೆ.

ಹಾಗಿದ್ದರೆ ಇದೊಂದೇ ಚಿಕಿತ್ಸೆ ಸಾಕಾ?

ಸಾಲದು. ಊಟ ಮೊದಲು. ಜೀವಕ್ಕೆ ಅಪಾಯವಿಲ್ಲ ಅಂತ ವೈದ್ಯರು ಖಚಿತ ಮಾಡಿಕೊಳ್ಳುವುದು ಅದಕ್ಕೂ ಮೊದಲು. ನಮ್ಮ ಕೆಲಸ ಇವುಗಳ ಜೊತೆಗೆ ನಡೆಯಬೇಕು. ಇವುಗಳ ಬದಲಿಗೆ ನಡೆಯಬಾರದು.

1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಮತ್ತು ಜೊತೆಗಾರರು 36 ಆರೋಗ್ಯವಂತ ಗಂಡಸರಿಗೆ, ಅವರ ಒಪ್ಪಿಗೆ ಪಡೆದು, ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಯುದ್ಧದಿಂದ ಹಸಿದಿದ್ದ ಜನರಿಗೆ ಮತ್ತೆ ಊಟ ಕೊಡುವುದು ಹೇಗೆ ಅಂತ ತಿಳಿಯುವುದು ಅವರ ಉದ್ದೇಶ. ಆ ಗಂಡಸರಿಗೆ ಯಾವಾಗಲೂ ಚಳಿ. ಸಿಡುಕು. ಸ್ನೇಹಿತರು ಬೇಡ. ತಲೆ ತುಂಬ ಊಟದ್ದೇ ಯೋಚನೆ. ಅಡುಗೆ ಪುಸ್ತಕ ಕೂಡಿಡುವುದು, ತಟ್ಟೆಯ ಮುಂದೆ ಗಂಟೆಗಟ್ಟಲೆ ಕೂರುವುದು. ನಿಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದು ಇದೇ ಅಲ್ವಾ? ಅವರಲ್ಲಿ ಯಾರಿಗೂ ಮೊದಲು ಈ ಕಾಯಿಲೆ ಇರಲಿಲ್ಲ. ಹಸಿವೇ ಮನಸ್ಸನ್ನು ಹಾಗೆ ಮಾಡಿತು. ಆದ್ದರಿಂದ ಹಸಿದ ಮಿದುಳಿಗೆ ಎಷ್ಟೇ ಒಳ್ಳೆಯ ಥೆರಪಿ ಕೊಟ್ಟರೂ ಅರ್ಧವೂ ಇಳಿಯುವುದಿಲ್ಲ.

ಹದಿಹರೆಯದ ಅನೋರೆಕ್ಸಿಯಾಕ್ಕೆ ಸದ್ಯ ಅತಿ ಹೆಚ್ಚು ಆಧಾರ ಇರುವುದು ಕುಟುಂಬ ಆಧಾರಿತ ಚಿಕಿತ್ಸೆಗೆ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ಇದು ರೂಪುಗೊಂಡಿತು. ಇದರಲ್ಲಿ ಊಟದ ಜವಾಬ್ದಾರಿ ಕೆಲವು ಕಾಲ ಅಪ್ಪ ಅಮ್ಮನ ಕೈಗೆ ಬರುತ್ತದೆ. ಏನು, ಎಷ್ಟು, ಯಾವಾಗ ಅಂತ ಅವರೇ ನಿರ್ಧರಿಸಿ, ಪಕ್ಕದಲ್ಲಿ ಕೂತು ಉಣಿಸುತ್ತಾರೆ. ಆಮೇಲೆ ನಿಧಾನವಾಗಿ ಜವಾಬ್ದಾರಿ ಮಗುವಿಗೆ ವಾಪಸ್ ಹೋಗುತ್ತದೆ.

ದೇಹದ ಚಿಕಿತ್ಸೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಆಧಾರ ಇದೆಯಾ?

ಇದೆ, ಆದರೆ ಕುಟುಂಬ ಚಿಕಿತ್ಸೆಗೆ ಇರುವಷ್ಟು ಇಲ್ಲ. ಅಧ್ಯಯನಗಳು ಚಿಕ್ಕವು. ಮಕ್ಕಳ ಬಗ್ಗೆ ನಾನು ಹೆಚ್ಚು ನೆನೆಯುವುದು ಅಮೆರಿಕದ ಸಿಯಾಟಲ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ. 11ರಿಂದ 21 ವಯಸ್ಸಿನ 54 ಮಂದಿ ಅದರಲ್ಲಿದ್ದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅದರ ಜೊತೆ ಎಂಟು ವಾರ, ಒಬ್ಬೊಬ್ಬರಿಗೇ ಹೇಳಿಕೊಡುವ ಯೋಗ. ಕೊನೆಯಲ್ಲಿ ಯೋಗದ ಗುಂಪಿನಲ್ಲಿ ಕಾಯಿಲೆಯ ಲಕ್ಷಣಗಳು ಹೆಚ್ಚು ಇಳಿದಿದ್ದವು. ಯೋಗದಿಂದ ತೂಕ ಇಳಿದೀತು ಅನ್ನುವ ಭಯ ಇತ್ತು, ಹಾಗೆ ಆಗಲಿಲ್ಲ. ಪ್ರತಿ ಸೆಷನ್ ಮುಗಿದ ಮೇಲೆ ತಲೆಯಲ್ಲಿ ಊಟದ ಗುಂಗು ಕಡಿಮೆಯಾಗುತ್ತಿತ್ತು. ಈ ಕೊನೆಯ ಮಾತನ್ನು ಮಕ್ಕಳೂ ಹೇಳುತ್ತಾರೆ: "ಒಂದು ಗಂಟೆ ತಲೆ ಸುಮ್ನೆ ಇತ್ತು." ದಿನವಿಡೀ ಲೆಕ್ಕ ಹಾಕುವ ತಲೆಗೆ ಅದು ಸಣ್ಣ ವಿಷಯ ಅಲ್ಲ.

ಯಾವ ಯಾವ ತೊಂದರೆಗೆ ಇದು ಉಪಯೋಗ?

ಊಟ ಬಿಟ್ಟು ಸೊರಗುವ ಅನೋರೆಕ್ಸಿಯಾ, ಒಂದೇ ಸಲ ವಿಪರೀತ ತಿಂದು ಆಮೇಲೆ ವಾಂತಿ ಅಥವಾ ಉಪವಾಸ ಮಾಡುವ ಬುಲಿಮಿಯಾ, ಕೈ ತಪ್ಪಿ ತಿನ್ನುವ ಬಿಂಜ್ ಈಟಿಂಗ್, ಎಲ್ಲದರಲ್ಲೂ ಬಳಸುತ್ತಾರೆ. ವಾಸನೆ, ಮೆದು-ಗಟ್ಟಿ, ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ, ಇಂಥ ಕಾರಣಕ್ಕೆ ತಿನ್ನದ ಮಕ್ಕಳೂ ಇದ್ದಾರೆ. ಅದಕ್ಕೆ ಅರ್ಫಿಡ್ ಅನ್ನುತ್ತಾರೆ. ಅಲ್ಲಿ ವಿಧಾನ ಬೇರೆ.

ನಮ್ಮ ಕಡೆ ಒಂದು ವಿಷಯ ಗಮನದಲ್ಲಿರಲಿ. ಭಾರತದಲ್ಲಿ, ಹಾಂಕಾಂಗ್‌ನಲ್ಲಿ "ದಪ್ಪ ಆಗ್ತೀನಿ" ಅಂತ ಒಂದು ಸಲವೂ ಹೇಳದ ಅನೋರೆಕ್ಸಿಯಾ ರೋಗಿಗಳನ್ನು ವೈದ್ಯರು ಕಂಡಿದ್ದಾರೆ. ಅವರು ಹೇಳುವುದು ಹೊಟ್ಟೆ ಉಬ್ಬರ, ಗ್ಯಾಸ್ಟ್ರಿಕ್, ಎರಡು ತುತ್ತಿಗೇ ಹೊಟ್ಟೆ ತುಂಬಿತು ಅಂತ. ಮನೆಯವರು ಎಂಡೋಸ್ಕೋಪಿ ಮಾಡಿಸುತ್ತಾರೆ, ಅಜ್ಜಿ ದೃಷ್ಟಿ ತೆಗೆಯುತ್ತಾರೆ, ತಿಂಗಳುಗಳು ಹೋಗುತ್ತವೆ. ಹೊಟ್ಟೆಯ ಪರೀಕ್ಷೆಯಲ್ಲಿ ಏನೂ ಸಿಗದೆ ತೂಕ ಇಳಿಯುತ್ತಲೇ ಇದ್ದರೆ ಈ ದಿಕ್ಕಿನಲ್ಲೂ ಯೋಚಿಸಿ.

ಯಾವಾಗ ಈ ಚಿಕಿತ್ಸೆ ಬಿಟ್ಟು ನೇರ ಆಸ್ಪತ್ರೆಗೆ ಹೋಗಬೇಕು?

ತಲೆ ಸುತ್ತಿ ಬಿದ್ದರೆ. ಎದೆ ನೋವು ಅಥವಾ ಎದೆ ಬಡಿತ ಏರುಪೇರಾದರೆ. ನೀರನ್ನೂ ಬಿಟ್ಟರೆ. ದಿನಕ್ಕೆ ಹಲವು ಸಲ ವಾಂತಿ ಇದ್ದರೆ, ವಾಂತಿಯಲ್ಲಿ ರಕ್ತ ಕಂಡರೆ. ಸಾಯುವ ಮಾತಾಡಿದರೆ, ತನ್ನನ್ನೇ ಗಾಯ ಮಾಡಿಕೊಂಡರೆ. ಎದ್ದಿರುವಾಗ ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆ, ನಿದ್ದೆಯಲ್ಲಿ 45ಕ್ಕಿಂತ ಕಡಿಮೆ ಇದ್ದರೆ ಹದಿಹರೆಯದವರನ್ನು ಅಡ್ಮಿಟ್ ಮಾಡುವ ಬಗ್ಗೆ ವೈದ್ಯರು ಯೋಚಿಸುತ್ತಾರೆ. "ಅಥ್ಲೀಟ್ ಹಾರ್ಟ್, ನಾಡಿ ನಿಧಾನ ಇದ್ದರೆ ಒಳ್ಳೆಯದೇ" ಅಂತ ಯಾರಾದರೂ ಹೇಳಿದರೆ, ಊಟ ಬಿಟ್ಟ ಮಗುವಿನ ವಿಷಯದಲ್ಲಿ ಒಪ್ಪಬೇಡಿ.

ರಕ್ತದಲ್ಲಿ ಪೊಟ್ಯಾಸಿಯಂ ಇಳಿದರೆ ಹೃದಯ ನಿಲ್ಲಬಹುದು. ನೋಡುವುದಕ್ಕೆ ಮಗು ಆರಾಮಾಗಿಯೇ ಇರಬಹುದು, ಕ್ಲಾಸಿನಲ್ಲಿ ಫಸ್ಟ್ ಬರುತ್ತಿರಬಹುದು. ಇನ್ನೊಂದು ಎಚ್ಚರಿಕೆ: ಬಹಳ ದಿನ ಊಟ ಬಿಟ್ಟ ಮಗುವಿಗೆ ಗಾಬರಿಯಲ್ಲಿ ಒಮ್ಮೆಲೇ ಜಾಸ್ತಿ ಉಣಿಸಬೇಡಿ. ರಕ್ತದಲ್ಲಿ ಫಾಸ್ಫೇಟ್ ದಿಢೀರನೆ ಕುಸಿದು ಅಪಾಯ ಆಗಬಹುದು. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಅನ್ನುತ್ತಾರೆ. ಎಷ್ಟರಿಂದ ಶುರು ಮಾಡಬೇಕು ಅಂತ ವೈದ್ಯರೇ ಹೇಳಬೇಕು.

ಒಂದು ಸೆಷನ್‌ನಲ್ಲಿ ಏನೇನು ನಡೆಯುತ್ತದೆ?

ಮೊದಲ ಸಲ ಬಹಳ ಮಕ್ಕಳು ದೊಡ್ಡ ಜಾಕೆಟ್ ಹಾಕಿಕೊಂಡು, ಬ್ಯಾಗನ್ನು ಹೊಟ್ಟೆಗೆ ಅವಚಿಕೊಂಡು ಕೂರುತ್ತಾರೆ. ಹಾಗೇ ಕೂರಲಿ. ಬಟ್ಟೆ ಬದಲಿಸಿ ಅಂತ ಹೇಳುವುದಿಲ್ಲ. ಕೋಣೆಯಲ್ಲಿ ಕನ್ನಡಿ ಇದ್ದರೆ ಬಟ್ಟೆ ಮುಚ್ಚಿರುತ್ತದೆ.

ಹೊಟ್ಟೆಯಿಂದ ಶುರು ಮಾಡುವುದೇ ಇಲ್ಲ. ಹೊಟ್ಟೆ, ತೊಡೆ, ಸೊಂಟ ಈ ಮಕ್ಕಳಿಗೆ ಬೆಂಕಿ ಇದ್ದಂತೆ. ಪಾದದಿಂದ ಶುರು. ಬರಿಗಾಲಲ್ಲಿ ನೆಲದ ಮೇಲೆ ನಿಂತು ಎಡಗಾಲ ಮೇಲೆ ಭಾರ ಎಷ್ಟು, ಬಲಗಾಲ ಮೇಲೆ ಎಷ್ಟು ಅಂತ ಗಮನಿಸುವುದು. ನೆಲ ತಣ್ಣಗಿದೆಯಾ? ಹಿಮ್ಮಡಿ ಒತ್ತುತ್ತಿದೆಯಾ? ಆಮೇಲೆ ಅಂಗೈ, ಬೆನ್ನು. ಗೋಡೆಗೆ ಬೆನ್ನು ಕೊಟ್ಟು ನಿಂತು, ಗೋಡೆಯನ್ನು ತಳ್ಳುವುದು. ತಳ್ಳಿದಾಗ ತನಗೆ ಶಕ್ತಿ ಇದೆ ಅಂತ ಗೊತ್ತಾದ ಮಗುವಿನ ಮುಖ ನೋಡಬೇಕು. ದೇಹ ಅಂದರೆ ನೋಡುವುದಕ್ಕೆ ಮಾತ್ರ ಅಂದುಕೊಂಡಿದ್ದವಳಿಗೆ ಅದು ಕೆಲಸಕ್ಕೂ ಬರುತ್ತದೆ ಅಂತ ತಿಳಿದ ಕ್ಷಣ ಅದು.

ಉಸಿರಾಟದಲ್ಲೂ ಅವಸರ ಇಲ್ಲ. "ಹೊಟ್ಟೆ ಉಬ್ಬಿಸಿ ಉಸಿರು ತಗೋ" ಅಂದರೆ ಅರ್ಧ ಮಕ್ಕಳು ಅಲ್ಲೇ ಬೆವರುತ್ತಾರೆ. ಹೊಟ್ಟೆ ಮುಂದೆ ಬರುವುದೇ ಅವರ ಭಯ. ಅದಕ್ಕೆ ಮೊದಲು ಉಸಿರು ಬಿಡುವುದನ್ನು ಉದ್ದ ಮಾಡುತ್ತೇವೆ, ಪಕ್ಕೆಲುಬಿನ ಬದಿಯಲ್ಲಿ ಗಾಳಿ ತುಂಬುವುದನ್ನು ಗಮನಿಸುತ್ತೇವೆ. ಹೊಟ್ಟೆ ತನ್ನಷ್ಟಕ್ಕೆ ಸಡಿಲವಾಗುವುದು ವಾರಗಳ ನಂತರ.

ಮಾತು ಕಡಿಮೆ, ಆದರೆ ಇದೆ. "ಹೇಗನಿಸ್ತಿದೆ?" ಅಂತ ಕೇಳಿದರೆ "ದಪ್ಪ ಅನಿಸ್ತಿದೆ" ಅಂತಲೇ ಉತ್ತರ ಬರುತ್ತದೆ. ಅಲ್ಲಿಗೆ ನಿಲ್ಲಿಸುವುದಿಲ್ಲ. ಎಲ್ಲಿ? ಬಿಗಿಯಾ, ಭಾರವಾ, ಬಿಸಿಯಾ? ಆಗ ಒಂದು ಮಗು "ಎದೆ ಹತ್ರ ಬಿಗಿ" ಅನ್ನುತ್ತದೆ. ಯಾವಾಗಿನಿಂದ ಅಂದರೆ, ಬೆಳಗ್ಗೆ ಟೆಸ್ಟ್ ಮಾರ್ಕ್ಸ್ ಬಂದಾಗಿನಿಂದ. ಅದು ದಪ್ಪ ಆಗಿದ್ದಲ್ಲ, ಹೆದರಿಕೆ. ದಿನದ ಹತ್ತಾರು ಕಷ್ಟಗಳೆಲ್ಲ "ದಪ್ಪ" ಅನ್ನುವ ಒಂದೇ ಹೆಸರಿನಲ್ಲಿ ಕೂಡಿಕೊಂಡಿರುತ್ತವೆ. ಅವನ್ನು ಬಿಡಿಸುವುದೇ ನಮ್ಮ ಮುಖ್ಯ ಕೆಲಸ ಅಂತ ನಾನು ನಂಬಿದ್ದೇನೆ.

ಊಟಕ್ಕೆ ಮುಂಚೆ ಹತ್ತು ನಿಮಿಷ, ಊಟದ ನಂತರದ ಒಂದು ಗಂಟೆ, ಇವೆರಡು ದಿನದ ಅತಿ ಕಷ್ಟದ ಹೊತ್ತು. ಆಗ ಮಾಡುವುದಕ್ಕೆ ಸಣ್ಣ ಸಣ್ಣ ಕ್ರಮ ಹೇಳಿಕೊಡುತ್ತೇವೆ: ಕೈಯಲ್ಲಿ ಬೆಚ್ಚಗಿನ ಲೋಟ ಹಿಡಿಯುವುದು, ಕಂಬಳಿ ಹೊದ್ದು ಕೂರುವುದು, ಮನೆಯವರ ಜೊತೆ ಇಸ್ಪೀಟ್ ಅಥವಾ ಚೌಕಾಬಾರ ಆಡುವುದು. ಬಾತ್‌ರೂಮಿನ ಕಡೆ ಎಳೆಯುವ ಆ ಒಂದು ಗಂಟೆ ದಾಟಿದರೆ ಸಾಕು.

ಥೆರಪಿಸ್ಟ್ ನನ್ನ ಮಗಳನ್ನು ಮುಟ್ಟುತ್ತಾರಾ?

ಬಹುಪಾಲು ಕೆಲಸಕ್ಕೆ ಮುಟ್ಟುವ ಅಗತ್ಯವೇ ಇಲ್ಲ. ಎಲ್ಲಾದರೂ ಬೇಕಾದರೆ ಪ್ರತಿ ಸಲ ಕೇಳಿ, ಮಗು ಹೂಂ ಅಂದ ಮೇಲೆ ಮಾತ್ರ. ಹೋದ ವಾರ ಹೂಂ ಅಂದಿದ್ದು ಈ ವಾರಕ್ಕೆ ಲೆಕ್ಕವಿಲ್ಲ. ಬಾಗಿಲು ಯಾವ ಸ್ಥಿತಿಯಲ್ಲಿರಬೇಕು, ಅಮ್ಮ ಒಳಗೆ ಇರಬೇಕಾ ಅನ್ನುವುದನ್ನೂ ಮಗುವೇ ಹೇಳಬಹುದು. ಹೆಣ್ಣು ಥೆರಪಿಸ್ಟ್ ಬೇಕು ಅಂತ ಕೇಳಲು ಸಂಕೋಚ ಬೇಡ.

ಈ ಮಕ್ಕಳಲ್ಲಿ ಕೆಲವರಿಗೆ ಹಿಂದೆ ಯಾರೋ ಕೆಟ್ಟದಾಗಿ ಮುಟ್ಟಿದ ಅನುಭವ ಇರುತ್ತದೆ. ದೇಹದ ಕೆಲಸದಲ್ಲಿ ಆ ನೆನಪು ಮೇಲೆ ಬರಬಹುದು. ಅದಕ್ಕೇ ಈ ಕೆಲಸವನ್ನು ಮನೋವೈದ್ಯರ ತಂಡದ ಜೊತೆಯಲ್ಲೇ ಮಾಡಬೇಕು ಅನ್ನುವುದು. 18 ವರ್ಷದೊಳಗಿನ ಮಗು ಲೈಂಗಿಕ ದೌರ್ಜನ್ಯದ ಬಗ್ಗೆ ಹೇಳಿದರೆ 2012ರ ಪೋಕ್ಸೋ ಕಾಯ್ದೆಯಂತೆ ನಾವು ದೂರು ಕೊಡಲೇಬೇಕು. ಇದನ್ನು ಮಗುವಿಗೂ ಮೊದಲ ದಿನವೇ ತಿಳಿಸುತ್ತೇವೆ. ಉಳಿದ ಮಾತು ಗುಟ್ಟಾಗಿರುತ್ತದೆ, ಜೀವಕ್ಕೆ ಅಪಾಯ ಇದ್ದಾಗ ಬಿಟ್ಟು.

ಯೋಗ ತಾನೇ? ಮನೆಯಲ್ಲೇ ಅಥವಾ ಹತ್ತಿರದ ಯೋಗ ಕ್ಲಾಸಿಗೇ ಕಳಿಸಬಹುದಲ್ಲ?

ಕಳಿಸುವ ಮುಂಚೆ ದಯವಿಟ್ಟು ಇದನ್ನು ಓದಿ. ನನಗೆ ಅತಿ ಹೆಚ್ಚು ಕಳವಳ ಇರುವುದು ಇಲ್ಲೇ.

ನಮ್ಮ ಊರುಗಳಲ್ಲಿ ಯೋಗ ಅಂದರೆ ಎಲ್ಲರಿಗೂ ಒಳ್ಳೆಯದು, ಯಾರಿಗೂ ಕೆಟ್ಟದಲ್ಲ ಅನ್ನುವ ನಂಬಿಕೆ. ಈ ಕಾಯಿಲೆಯಲ್ಲಿ ಹಾಗಲ್ಲ. ಸೂರ್ಯನಮಸ್ಕಾರ ವೇಗವಾಗಿ ಮಾಡಿದರೆ ಒಳ್ಳೆಯ ವ್ಯಾಯಾಮವೇ. ಊಟ ಬಿಟ್ಟ ಮಗುವಿಗೆ ಅದು ತಿಂದದ್ದನ್ನು ಕರಗಿಸುವ ದಾರಿಯಾಗುತ್ತದೆ. ರಥಸಪ್ತಮಿಗೆ 108 ಸೂರ್ಯನಮಸ್ಕಾರ ಅಂದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆ ಮಗು ಅದನ್ನೇ ದಿನಾ ಕೋಣೆಯ ಬಾಗಿಲು ಹಾಕಿಕೊಂಡು ಮಾಡತೊಡಗಿದರೆ ಯಾರಿಗೂ ಅನುಮಾನವೇ ಬರುವುದಿಲ್ಲ. ಯಾಕೆಂದರೆ ಮಾಡುತ್ತಿರುವುದು ಯೋಗ. ಪವರ್ ಯೋಗ, ತೂಕ ಇಳಿಸುವ ಯೋಗ ಅಂತ ಬೋರ್ಡ್ ಹಾಕಿರುವ ಕ್ಲಾಸ್ ಬೇಡವೇ ಬೇಡ.

ಯೋಗದಲ್ಲಿ ದೇಹ ಶುದ್ಧಿಗೆ ಹೇಳುವ ಷಟ್ಕ್ರಿಯೆಗಳ ವಿಷಯ ಇನ್ನೂ ಗಂಭೀರ. ವಮನ ಧೌತಿಯಲ್ಲಿ ಉಪ್ಪುನೀರು ಕುಡಿದು ವಾಂತಿ ಮಾಡುತ್ತಾರೆ. ಶಂಖಪ್ರಕ್ಷಾಲನದಲ್ಲಿ ಉಪ್ಪುನೀರು ಕುಡಿದು ಹೊಟ್ಟೆ ಪೂರ್ತಿ ತೊಳೆಯುತ್ತಾರೆ. ಅನೋರೆಕ್ಸಿಯಾ, ಬುಲಿಮಿಯಾ ಇರುವ ಮಗುವಿಗೆ ಇವು ಕೂಡದು. ರಕ್ತದ ಲವಣಾಂಶ ಏರುಪೇರಾಗುತ್ತದೆ, ಜೊತೆಗೆ ವಾಂತಿಗೆ ಒಂದು ಪವಿತ್ರವಾದ ಹೆಸರು ಸಿಕ್ಕಿಬಿಡುತ್ತದೆ. ಪ್ರಕೃತಿ ಚಿಕಿತ್ಸೆಯ ಉಪವಾಸ, ಜ್ಯೂಸ್ ಡಯಟ್, ಡಿಟಾಕ್ಸ್ ಕೂಡ ಹಾಗೇ. "ಗ್ಯಾಸ್ಟ್ರಿಕ್ ಇದೆ, ಹತ್ತು ದಿನ ಕ್ಯಾಂಪಿಗೆ ಕಳಿಸೋಣ" ಅಂತ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಈ ಒಂದು ವಿಷಯದಲ್ಲಿ ಅವರ ಮಾತು ಕೇಳಬೇಡಿ.

ಚಿಕಿತ್ಸೆಯಲ್ಲಿ ಬಳಸುವ ಯೋಗ ನಿಧಾನ. ಎಣಿಕೆ ಇಲ್ಲ, ಬೆವರು ಇಲ್ಲ, ಆಕಾರ ಸರಿ ಬರಬೇಕು ಅಂತಿಲ್ಲ. ತಾಡಾಸನ, ಬಾಲಾಸನ, ದಿಂಬಿಟ್ಟು ಮಲಗಿ ಮಾಡುವ ವಿಶ್ರಾಂತಿ ಆಸನಗಳು. ವೈದ್ಯರು ಬೇಡ ಅಂದ ದಿನ ಕುಳಿತಲ್ಲೇ ಉಸಿರಾಟ ಅಷ್ಟೇ. ಶಿಕ್ಷಕರು ಹೊಟ್ಟೆ, ಸೊಂಟ, ಬೊಜ್ಜು ಅನ್ನುವ ಮಾತನ್ನು ಬಾಯಿಗೆ ತರಬಾರದು.

ಭರತನಾಟ್ಯ, ಓಟ, ಈಜು ಎಲ್ಲ ನಿಲ್ಲಿಸಬೇಕಾ?

ದೇಹ ಸುರಕ್ಷಿತ ಸ್ಥಿತಿಗೆ ಬರುವವರೆಗೆ ನಿಲ್ಲಿಸಬೇಕಾಗಬಹುದು. ರಂಗಪ್ರವೇಶದ ತಾರೀಖು ಗೊತ್ತಾಗಿರುತ್ತದೆ, ಸ್ಟೇಟ್ ಮೀಟ್‌ಗೆ ಆಯ್ಕೆ ಆಗಿರುತ್ತದೆ, ಎಷ್ಟು ನೋವಾಗುತ್ತದೆ ಅಂತ ನನಗೆ ಗೊತ್ತು. ಆದರೂ ಮುಂದೂಡಿ. ಖರ್ಚಾದಷ್ಟು ಶಕ್ತಿ ಊಟದಿಂದ ಬಾರದಿದ್ದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ, ಕೂದಲೆಳೆಯಂಥ ಬಿರುಕು ಬೀಳುತ್ತದೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಿಂದ ಇದನ್ನು ರೆಡ್-ಎಸ್ ಅನ್ನುವ ಹೆಸರಿನಲ್ಲಿ ಎಚ್ಚರಿಸುತ್ತಿದೆ, ಗಂಡು ಕ್ರೀಡಾಪಟುಗಳಿಗೂ ಸೇರಿಸಿ. ಮೂಳೆ ಗಟ್ಟಿಯಾಗುವ ವಯಸ್ಸೇ ಹದಿಹರೆಯ. ಅಲ್ಲಿ ಕಳೆದುಕೊಂಡಿದ್ದನ್ನು ಆಮೇಲೆ ಪೂರ್ತಿ ಗಳಿಸುವುದು ಕಷ್ಟ.

ಗುರುಗಳ ಜೊತೆ, ಕೋಚ್ ಜೊತೆ ನೇರವಾಗಿ ಮಾತಾಡಿ. ವಾಪಸ್ ಹೋಗುವಾಗ ಹಂತ ಹಂತವಾಗಿ ಹೋಗಲಿ. ಮೊದಲು ಅಭಿನಯ, ಕೂತು ತಾಳ ಹಾಕುವುದು, ಆಮೇಲೆ ಅಡವು. ಎಷ್ಟೋ ಮಕ್ಕಳಿಗೆ ಗುಣವಾಗುವುದಕ್ಕೆ ಇರುವ ದೊಡ್ಡ ಆಸೆಯೇ ನಾಟ್ಯ. ಅದನ್ನು ಶಿಕ್ಷೆಯಾಗಿ ಕಿತ್ತುಕೊಂಡಂತೆ ಮಾಡಬೇಡಿ.

ಹಬ್ಬ, ಉಪವಾಸ, ನೆಂಟರು ಬಂದಾಗ ಏನು ಮಾಡುವುದು?

ಏಕಾದಶಿ, ಸಂಕಷ್ಟಿ, ಶ್ರಾವಣ ಸೋಮವಾರ, ರಂಜಾನ್ ಉಪವಾಸ, ಯಾವುದೇ ಇರಲಿ, ಕಾಯಿಲೆ ಇರುವವರೆಗೆ ಬೇಡ. ಕಾಯಿಲೆ ಬಿದ್ದವರಿಗೆ ಉಪವಾಸದಿಂದ ವಿನಾಯಿತಿ ಬಹುತೇಕ ಸಂಪ್ರದಾಯಗಳಲ್ಲಿ ಇದೆ. ಅದುವರೆಗೆ ದೇವರ ಬಗ್ಗೆ ಅಷ್ಟೇನೂ ಆಸಕ್ತಿ ಇಲ್ಲದ ಮಗು ಇದ್ದಕ್ಕಿದ್ದಂತೆ ವಾರಕ್ಕೆರಡು ಉಪವಾಸ ಹಿಡಿದರೆ ಖುಷಿಪಡುವ ಮುಂಚೆ ಅದರ ತಟ್ಟೆಯನ್ನು ಗಮನಿಸಿ.

ನೆಂಟರಿಗೆ ಮುಂಚೆಯೇ ಫೋನ್ ಮಾಡಿ ಹೇಳಿ: "ಅವಳ ಮೈ ಬಗ್ಗೆ ಏನೂ ಮಾತಾಡಬೇಡಿ, ಒಳ್ಳೆಯದೂ ಬೇಡ." "ಈಗ ಮುಖದಲ್ಲಿ ಕಳೆ ಬಂದಿದೆ, ತುಂಬಿಕೊಂಡಿದ್ದೀಯ" ಅಂತ ಅತ್ತೆ ಹೊಗಳಿದರೆ ಮಗುವಿಗೆ ಕೇಳಿಸುವುದು "ದಪ್ಪ ಆಗಿದ್ದೀಯ" ಅಂತ. ಮದುವೆ ಮನೆಯ ಪಂಕ್ತಿಯಲ್ಲಿ ಮಗುವಿನ ಪಕ್ಕ ಗೊತ್ತಿರುವವರು ಕೂರಲಿ. ಬಡಿಸುವವರು ಒತ್ತಾಯ ಮಾಡಿದರೆ ಉತ್ತರ ಹೇಳುವ ಕೆಲಸ ಪಕ್ಕದಲ್ಲಿ ಕೂತವರದು.

ಕನ್ನಡಿ ಮುಂದೆ ನಿಲ್ಲಿಸುತ್ತಾರಂತೆ, ಹೌದಾ?

ಕೆಲವರಿಗೆ, ಚಿಕಿತ್ಸೆಯ ಕೊನೆಯ ಹಂತದಲ್ಲಿ, ಅದರಲ್ಲಿ ತರಬೇತಿ ಇರುವ ಮನಶ್ಶಾಸ್ತ್ರಜ್ಞರ ಜೊತೆ. ಕೆಟ್ಟ ಮಾತು ಸೇರಿಸದೆ ಕಂಡದ್ದನ್ನು ಕಂಡಂತೆ ಹೇಳುವ ಅಭ್ಯಾಸ ಅದು. ಮನೆಯಲ್ಲಿ ನೀವು ಪ್ರಯತ್ನಿಸಬೇಡಿ.

ಗಂಡು ಮಕ್ಕಳಿಗೂ ಬರುತ್ತದಾ? ದಪ್ಪ ಇರುವ ಮಕ್ಕಳಿಗೆ?

ಎರಡಕ್ಕೂ ಹೌದು. ಹುಡುಗರಲ್ಲಿ ಇದು ಜಿಮ್, ಪ್ರೋಟೀನ್ ಪುಡಿ, "ಕಟಿಂಗ್" (ಮೈಯ ಕೊಬ್ಬು ಕರಗಿಸುವುದು) ಅನ್ನುವ ರೂಪದಲ್ಲಿ ಬರಬಹುದು. ಸಣ್ಣಗಾಗಬೇಕು ಅನ್ನುವ ಬದಲು ಎಷ್ಟು ಮಾಡಿದರೂ ಮಾಂಸಖಂಡ ಸಾಲದು ಅನಿಸುತ್ತದೆ. ಇನ್ನು, ಮೊದಲು ದಪ್ಪಗಿದ್ದ ಮಗು ಬೇಗ ಬೇಗ ತೂಕ ಇಳಿಸಿದರೆ ಎಲ್ಲರೂ ಶಭಾಷ್ ಅನ್ನುತ್ತಾರೆ. ಆ ಮಗುವಿನ ನಾಡಿಯೂ ಇಳಿದಿರಬಹುದು, ಮುಟ್ಟೂ ನಿಂತಿರಬಹುದು. ನೋಡಿದರೆ ಸೊರಗಿದಂತೆ ಕಾಣದಿದ್ದರೂ ಕಾಯಿಲೆ ಅಷ್ಟೇ ಅಪಾಯಕಾರಿ. ಇಂಥ ಮಕ್ಕಳನ್ನು ಬಹಳ ತಡವಾಗಿ ಕರೆತರುತ್ತಾರೆ, ಅದು ನನಗೆ ತುಂಬ ಸಂಕಟ ಕೊಡುತ್ತದೆ.

ನನಗೆ 16 ವರ್ಷ. ನನ್ನ ದೇಹ ಕಂಡರೇ ನನಗೆ ಆಗಲ್ಲ. ಅದನ್ನೇ ಗಮನಿಸು ಅಂದರೆ ಹೇಗೆ?

ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಇಲ್ಲಿ ಯಾರೂ ನಿನ್ನ ದೇಹವನ್ನು ಪ್ರೀತಿಸು ಅಂತ ಹೇಳುವುದಿಲ್ಲ. ಅದು ಬಹಳ ದೂರದ ಮಾತು. ಒಂದು ನಿಮಿಷ ಪಾದದ ಕೆಳಗಿನ ನೆಲವನ್ನು ಗಮನಿಸು ಅಂತ ಕೇಳುತ್ತೇವೆ, ಅಷ್ಟೇ. ಕಷ್ಟವಾದರೆ ನಿಲ್ಲಿಸಬಹುದು. "ಸಾಕು" ಅಂತ ಹೇಳುವುದನ್ನು ಕಲಿಯುವುದೂ ಈ ಚಿಕಿತ್ಸೆಯ ಭಾಗ, ಅದಕ್ಕೆ ಕಾರಣ ಕೊಡಬೇಕಾಗಿಲ್ಲ.

ಮೊದಲ ಕೆಲವು ವಾರ ಹಿಂಸೆ ಜಾಸ್ತಿ ಅನಿಸಬಹುದು. ಮರಗಟ್ಟಿದ್ದ ಕಾಲಿಗೆ ರಕ್ತ ಬಂದಾಗ ಜುಮ್ಮೆನ್ನುವುದಿಲ್ಲವಾ? ಇಷ್ಟು ದಿನ ದೂರ ಇಟ್ಟಿದ್ದ ಭಯ, ಅಳು, ಸಿಟ್ಟು ಮತ್ತೆ ತಿಳಿಯತೊಡಗುತ್ತದೆ. ಆಗ ಓಡಿಹೋಗಬೇಕು ಅನಿಸಿದರೆ ಹಾಗೇ ಹೇಳು. ನಾವು ಬೈಯುವುದಿಲ್ಲ. ಈ ಕಾಯಿಲೆ ನಿನ್ನ ಹಟ ಅಲ್ಲ, ನೀನು ಮಾಡಿದ ತಪ್ಪೂ ಅಲ್ಲ. ಮನೆಯಲ್ಲಿ ಹೇಳಲು ಆಗದಿದ್ದರೆ ನಿನಗೆ ನಂಬಿಕೆ ಇರುವ ಟೀಚರ್‌ಗೆ, ಚಿಕ್ಕಮ್ಮನಿಗೆ ಹೇಳು. ಅದೂ ಆಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡು.

ಎಷ್ಟು ದಿನ ಬೇಕು?

ತಿಂಗಳುಗಳ ಲೆಕ್ಕ, ಕೆಲವರಿಗೆ ವರ್ಷಗಳು. ಪರೀಕ್ಷೆ ಹತ್ತಿರ ಬಂದಾಗ, ಪಿಯುಸಿಗೆ ಹಾಸ್ಟೆಲ್ ಸೇರಿದಾಗ ಮತ್ತೆ ತಲೆ ಎತ್ತಬಹುದು. ಬೇಗ ಶುರು ಮಾಡಿದಷ್ಟೂ ಗುಣವಾಗುವ ಸಾಧ್ಯತೆ ಹೆಚ್ಚು. ಪೂರ್ತಿ ಗುಣವಾದವರು ಬಹಳ ಮಂದಿ ಇದ್ದಾರೆ.

ಕರ್ನಾಟಕದಲ್ಲಿ ಎಲ್ಲಿಗೆ ಹೋಗಬೇಕು? ಖರ್ಚು ಹೇಗೆ?

ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಇದೆ, ಯೋಗದ ಸೌಲಭ್ಯವೂ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಂದಲೂ ಶುರು ಮಾಡಬಹುದು.

ಖಾಸಗಿಯಾಗಿ ದೇಹದ ಚಿಕಿತ್ಸೆ ಕೊಡುವವರನ್ನು ಹುಡುಕುವಾಗ ಹುಷಾರು. ವಾರಾಂತ್ಯದ ಕೋರ್ಸ್ ಮುಗಿಸಿ ಥೆರಪಿಸ್ಟ್ ಅಂತ ಹಾಕಿಕೊಂಡವರಿದ್ದಾರೆ. ನಿಮ್ಮ ಮೂಲ ಓದು ಏನು, ಈಟಿಂಗ್ ಡಿಸಾರ್ಡರ್ ಮಕ್ಕಳ ಜೊತೆ ಕೆಲಸ ಮಾಡಿದ್ದೀರಾ, ನಮ್ಮ ವೈದ್ಯರ ಜೊತೆ ಮಾತಾಡುತ್ತೀರಾ ಅಂತ ಕೇಳಿ. ಕೊನೆಯ ಪ್ರಶ್ನೆಗೆ "ವೈದ್ಯರು ಯಾಕೆ, ನಾನೇ ಸರಿ ಮಾಡ್ತೀನಿ" ಅಂದರೆ ಅಲ್ಲಿಂದ ಎದ್ದು ಬನ್ನಿ.

2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಬೇರೆ ಕಾಯಿಲೆಗಳಿಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ಅಡ್ಮಿಟ್ ಆದಾಗ ಕ್ಲೇಮ್ ಮಾಡಿ. ಹೋಗಿ ಬರುವ ಸೆಷನ್‌ಗಳ ಖರ್ಚು ಸಿಗುತ್ತದಾ ಅನ್ನುವುದು ನಿಮ್ಮ ಪಾಲಿಸಿಯ ಮೇಲೆ ಹೋಗುತ್ತದೆ.

ನಾಳೆ ಬೆಳಗ್ಗೆ ಏನು ಮಾಡಲಿ?

ಮಕ್ಕಳ ವೈದ್ಯರ ಅಥವಾ ಫಿಸಿಷಿಯನ್ ಅಪಾಯಿಂಟ್‌ಮೆಂಟ್ ತಗೊಳ್ಳಿ. ಮಲಗಿದಾಗ ಮತ್ತು ನಿಂತಾಗ ನಾಡಿ, ಬಿಪಿ ನೋಡಲು ಕೇಳಿ. ಇಸಿಜಿ, ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಫಾಸ್ಫೇಟ್, ಮೆಗ್ನೀಸಿಯಂ, ಸಕ್ಕರೆ ಮಾಡಿಸಿ. ತೂಕ ನೋಡುವಾಗ ಮಗುವಿನ ಬೆನ್ನು ಅಂಕಿಯ ಕಡೆ ಇರಲಿ, ಗಟ್ಟಿಯಾಗಿ ಓದಬೇಡಿ ಅಂತ ನರ್ಸ್‌ಗೆ ಮೊದಲೇ ಹೇಳಿ. ಮನೆಯ ತೂಕದ ಮಶೀನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ರಿಪೋರ್ಟ್‌ಗಳನ್ನೆಲ್ಲ ಒಂದು ಫೈಲಿಗೆ ಹಾಕಿಕೊಂಡು ಮನೋವೈದ್ಯರ ಹತ್ತಿರ ಹೋಗಿ. ದೇಹದ ಚಿಕಿತ್ಸೆ ಯಾವಾಗ ಶುರು ಮಾಡಬಹುದು ಅಂತ ಅವರನ್ನೇ ಕೇಳಿ.